ಹುರಿದ ಹಿಂಡಿ, ಬೆಳೆಯದ ಮರಿ

ಮೀನುಮರಿ ಸಾಕುವ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದು ನಿವೃತ್ತನಾದೆ. ಅದೇ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗ ಕೆಲವೊಮ್ಮೆ ಮನೆಗೆ ಬರುತ್ತಾರೆ. ಅವರಿಗೆ ಸಿಗುವ ಆಹಾರದ ಚೀಲದ ಮೇಲೆ ಲೈಸಿನ್ ಇಷ್ಟು, ಮೆಥಿಯೊನಿನ್ ಇಷ್ಟು ಎಂದು ಅಚ್ಚಾಗಿರುತ್ತದೆ. ‘ನಿಮ್ಮ ಕಾಲದಾಗ ಮರಿಗಳಿಗೆ ಏನ್ ಹಾಕ್ತಿದ್ರಿ ಸರ್?’ ಎಂದು ಕೇಳುತ್ತಾರೆ. ‘ಶೇಂಗಾ ಹಿಂಡಿ, ಭತ್ತದ ತೌಡು’ ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಮಾತು ಬೇರೆ ಕಡೆ ಹೋಗುತ್ತದೆ.

ಆ ಉತ್ತರ ಅರ್ಧದ್ದು. ಉಳಿದ ಅರ್ಧವನ್ನು ಚಹಾ ಕುಡಿಯುತ್ತ ಹೇಳಲು ನನಗೆ ಬರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ನಿಮಗೆ ಉಪಯೋಗವಿಲ್ಲ. ನನ್ನ ಮೊದಲನೆಯ ವರ್ಷದಲ್ಲಿ, ಹಳಿಯಾಳದ ಹತ್ತಿರ ಆರು ಸಿಮೆಂಟ್ ತೊಟ್ಟಿಗಳಲ್ಲಿ ಏನಾಯಿತು ಎಂಬುದರಿಂದ ಆಗಬಹುದು.

ಅದು ೧೯೬೨ನೆಯ ಇಸವಿ. ನನಗೆ ಇಪ್ಪತ್ತೆರಡು ವರ್ಷ. ಧಾರವಾಡದಲ್ಲಿ ಓದು ಮುಗಿಸಿ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ಫೀಲ್ಡ್‌ಮ್ಯಾನ್ ಎಂದು ಸೇರಿದ್ದೆ. ಹಳಿಯಾಳದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಲ್ಲಿಂದ ದಿನಾ ಸೈಕಲ್ ಮೇಲೆ ತೇರಗಾಂವದ ದಾರಿಯಲ್ಲಿದ್ದ ಮರಿ ಕೇಂದ್ರಕ್ಕೆ ಹೋಗುತ್ತಿದ್ದೆ. ಕೇಂದ್ರ ಎಂದರೆ ಕೆರೆಯ ಏರಿಯ ಕೆಳಗೆ ನಾಲ್ಕು ಮಣ್ಣಿನ ಹೊಂಡ, ಆರು ಸಿಮೆಂಟ್ ತೊಟ್ಟಿ, ತಗಡು ಹೊದಿಸಿದ ಒಂದು ಉಗ್ರಾಣ. ಇದ್ದದ್ದು ನಾವಿಬ್ಬರೇ, ನಾನು ಮತ್ತು ಫಕೀರಪ್ಪ. ನಮ್ಮ ಮೇಲಿನ ನಾಡಗೌಡ ಸಾಹೇಬರು ಧಾರವಾಡದಲ್ಲಿದ್ದರು. ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದರು.

ನನಗೆ ದಿನಚರಿ ಬರೆಯುವ ಅಭ್ಯಾಸ ಶಾಲೆಯಿಂದಲೇ ಇತ್ತು. ಅಲ್ಲಿ ಅದು ಚಟವೇ ಆಯಿತು. ನೀರಿನ ಬಿಸಿ, ಮಳೆ, ಹಾಕಿದ ಆಹಾರ, ಸತ್ತ ಮರಿ, ಎಲ್ಲಕ್ಕೂ ಒಂದೊಂದು ಕಾಲಂ ಎಳೆದಿದ್ದೆ. ಆಗಷ್ಟೇ ಸೇರು, ತೊಲ ಹೋಗಿ ಕಿಲೋ, ಗ್ರಾಂ ಬಂದಿದ್ದವು. ಮರಿಗಳ ತೂಕಕ್ಕೆಂದು ಅಕ್ಕಸಾಲಿಗರೊಬ್ಬರ ಹಳೆಯ ತಕ್ಕಡಿಯೊಂದನ್ನು ಸಂಪಾದಿಸಿ, ಅದಕ್ಕೆ ಗ್ರಾಂ ತೂಕದ ಬಟ್ಟು ಹೊಂದಿಸಿಕೊಂಡಿದ್ದೆ. ಪ್ರತಿ ಸೋಮವಾರ ಐವತ್ತು ಮರಿಗಳನ್ನು ಒಟ್ಟಿಗೆ ತೂಗಿ ಬರೆಯುತ್ತಿದ್ದೆ.

ಫಕೀರಪ್ಪ ತೇರಗಾಂವದವನು. ಐವತ್ತರ ಸಮೀಪದ ವಯಸ್ಸು, ಕೃಶ ದೇಹ, ದೊಡ್ಡ ಧ್ವನಿ. ದಿನಗೂಲಿಯ ಮೇಲೆ ಆರು ವರ್ಷದಿಂದ ಅಲ್ಲಿದ್ದ. ಬೆಳಗಿನ ಸೂರ್ಯ ಏರಿಯ ಮೇಲೆ ಬರುವಷ್ಟರಲ್ಲಿ ಮರಿಗಳಿಗೆ ಆಹಾರ ಹಾಕಿ ಮುಗಿಸಿರುತ್ತಿದ್ದ. ನಾನು ತಲುಪುತ್ತಿದ್ದದ್ದು ಎಂಟಕ್ಕೆ. ಈ ಎರಡು ಹೊತ್ತಿನ ನಡುವಿನ ಅಂತರವನ್ನು ನೆನಪಿಡಿ. ಅವನು ಹಾಕುವುದನ್ನು ನಾನು ಕಣ್ಣಾರೆ ನೋಡುತ್ತಿರಲಿಲ್ಲ.

ಆಗ ಮರಿಗಳು ಕಲ್ಕತ್ತೆಯಿಂದ ರೈಲಿನಲ್ಲಿ ಬರುತ್ತಿದ್ದವು. ತಗಡಿನ ಡಬ್ಬಿಗಳ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ನೀರನ್ನು ಕೈಯಿಂದ ಅಲುಗಾಡಿಸುತ್ತ ಒಬ್ಬ ಮನುಷ್ಯ ಜೊತೆಗೆ ಬರುತ್ತಿದ್ದ. ಆ ವರ್ಷ ಜುಲೈ ಹದಿನೆಂಟಕ್ಕೆ ಅಳ್ನಾವರ ಸ್ಟೇಷನ್ನಿನಲ್ಲಿ ಡಬ್ಬಿಗಳನ್ನು ಇಳಿಸಿಕೊಂಡೆವು. ಫಕೀರಪ್ಪ ಒಂದರ ಬಟ್ಟೆ ಸರಿಸಿ ನೋಡಿದ.

‘ಸಣ್ಣ ಸಾಹೇಬ್ರ, ಇವು ಬಂಗಾಲಿ ಮಂದಿ. ನಮ್ಮ ಶೇಂಗಾ ಹಿಂಡಿ ತಿಂದಾವೇನ್ರಿ? ಸಾಸಿವಿ ಹಿಂಡೀನ ಬೇಕು ಅಂತ ಹಟ ಹಿಡಿದ್ರ ಏನ್ ಮಾಡೂಣು?’

‘ಹೊಟ್ಟಿ ಹಸದ್ರ ತಿಂತಾವ ಬಿಡು,’ ಎಂದೆ.

‘ಹಂಗನ್ನಬ್ಯಾಡ್ರಿ. ನಮ್ಮ ಮಾವನ್ನ ಒಮ್ಮೆ ಕರಾವಳಿಗೆ ಕರಕೊಂಡು ಹೋಗಿದ್ದೆ. ಕುಚ್ಚಲಕ್ಕಿ ಅನ್ನ ನೋಡಿ, ರೊಟ್ಟಿ ಇಲ್ಲಂದ್ರ ಊಟಾನ ಇಲ್ಲ ಅಂತ ಎರಡ ದಿನ ಉಪಾಸ ಕುಂತ. ಇವಕ್ಕ ಅಷ್ಟ ಸೊಕ್ಕು ಇರಾಕಿಲ್ಲ ಅಂತ ಏನ್ ಗ್ಯಾರಂಟಿ?’

ಚಹಾ ಬಟ್ಟಲಿನಲ್ಲಿ ಅಳೆದು ಎಣಿಸಿದೆವು. ಬದುಕಿದ್ದವು ಸುಮಾರು ಮೂವತ್ತು ಸಾವಿರ. ಅವುಗಳನ್ನು ಮಣ್ಣಿನ ಹೊಂಡಕ್ಕೆ ಬಿಡಬೇಕಾಗಿತ್ತು. ಸಗಣಿ ಗೊಬ್ಬರ ಹಾಕಿದ ಹೊಂಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಹುಟ್ಟುತ್ತವೆ. ಮರಿಗೆ ನಿಜವಾದ ಊಟ ಅದೇ, ಹಿಂಡಿ ಅದರ ಜೊತೆಗಿನ ವ್ಯಂಜನ. ಆದರೆ ನಾಲ್ಕು ದಿನ ಮೊದಲಿನ ಮಳೆಗೆ ಹೊಂಡಗಳ ಒಡ್ಡು ಒಡೆದಿತ್ತು. ಬೇರೆ ದಾರಿ ಇಲ್ಲದೆ ಮೂವತ್ತು ಸಾವಿರವನ್ನೂ ಆರು ಸಿಮೆಂಟ್ ತೊಟ್ಟಿಗಳಿಗೆ ಹಂಚಿದೆವು. ಸಿಮೆಂಟ್ ತೊಟ್ಟಿಯಲ್ಲಿ ಹುಳು ಬೆಳೆಯುವುದಿಲ್ಲ. ಮೊದಲ ಸಲ ಕೆರೆಯಿಂದ ತುಂಬಿದ ನೀರಿನಲ್ಲಿ ಬಂದಷ್ಟೇ, ಅದು ವಾರಕ್ಕೆ ತೀರಿತು. ಅಲ್ಲಿಂದ ಮುಂದೆ ಆ ಮರಿಗಳ ಮೈಯಲ್ಲಿ ಏನು ಕೂಡಿದರೂ ನಾವು ಕೊಟ್ಟ ಹಿಂಡಿ ತೌಡಿನಿಂದಲೇ ಕೂಡಬೇಕು.

ಜುಲೈ ೨೩, ಸೋಮವಾರ. ಐವತ್ತು ಮರಿಗೆ ಮೂರು ಗ್ರಾಂ. ಅದೇ ದಿನ ಉಗ್ರಾಣದಲ್ಲಿ ಹಿಂಡಿಯ ಚೀಲ ಬಿಚ್ಚಿದರೆ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಹಿಂಡಿ ಮರಿಗೆ ವಿಷ ಎಂದು ಓದಿದ್ದೆ. ಹೊಸ ಚೀಲ ತರಿಸಲು ಧಾರವಾಡಕ್ಕೆ ಬರೆದು ಉತ್ತರ ಬರಲು ಎರಡು ವಾರ ಬೇಕು. ಆಗ ನನಗೆ ಮನೆಯ ಅಡುಗೆಮನೆ ನೆನಪಾಯಿತು. ಮಳೆಗಾಲ ಹಿಡಿಯುವ ಮೊದಲು ನಮ್ಮ ಅವ್ವ ರವೆ, ಶೇಂಗಾ, ಶ್ಯಾವಿಗೆ ಎಲ್ಲವನ್ನೂ ಹುರಿದು ಡಬ್ಬಿಗೆ ತುಂಬುತ್ತಿದ್ದಳು. ಹುರಿದದ್ದಕ್ಕೆ ಹುಳು ಬೀಳುವುದಿಲ್ಲ, ಬೂಷ್ಟು ಬರುವುದಿಲ್ಲ. ಉತ್ತರ ಕರ್ನಾಟಕದ ಯಾವ ಮನೆಯಲ್ಲಾದರೂ ಹೀಗೆಯೇ. ನನಗೆ ಅದು ಅನುಮಾನಪಡಬೇಕಾದ ವಿಷಯವೆಂದು ತೋರಲೇ ಇಲ್ಲ.

ಬೂಷ್ಟನ್ನು ಕೆರೆಸಿ ತೆಗೆಸಿದೆ. ಊರಿನಿಂದ ಮದುವೆ ಅಡುಗೆಯ ಕಬ್ಬಿಣದ ಕಡಾಯಿ ತರಿಸಿದೆ. ಹಿಂಡಿಯನ್ನು ಪುಡಿ ಮಾಡಿ ಕಂದು ಬಣ್ಣ ಬರುವವರೆಗೆ ಹುರಿಯಬೇಕು ಎಂದು ಫಕೀರಪ್ಪನಿಗೆ ಹೇಳಿದೆ. ಘಮ ಏರಿ ದಾಟಿ ರಸ್ತೆಯವರೆಗೆ ಹೋಗುತ್ತಿತ್ತು. ಹಾದಿಯಲ್ಲಿ ಹೋಗುವವರು, ‘ಏನ್ರೀ, ಮೀನಕ್ಕೂ ಶೇಂಗಾ ಚಟ್ನಿ ಮಾಡಾಕ ಹತ್ತೀರೇನು?’ ಎಂದು ಕೂಗಿ ಕೇಳುತ್ತಿದ್ದರು.

ಫಕೀರಪ್ಪನಿಗೆ ಅದು ಸರಿಬರಲಿಲ್ಲ. ಎರಡನೆಯ ದಿನವೇ ಕಡಾಯಿಯ ಮುಂದೆ ಕುಳಿತು ಹೇಳಿದ:

‘ಸಾಹೇಬ್ರ, ಇದು ಹುರದದ್ದಲ್ಲ, ಸುಟ್ಟದ್ದು. ಹಿಂಗ ಸುಟ್ಟ ಹಿಂಡಿ ತಿಂದ್ರ ಎಮ್ಮಿ ಹಾಲ ಇಳಸ್ತೈತಿ. ಬುಟ್ಟಿ ತುಂಬ ತಿಂದ್ರೂ ಮೈಗೆ ಹತ್ತಂಗಿಲ್ಲ.’

‘ಎಮ್ಮಿ ಬ್ಯಾರೆ, ಮೀನ ಬ್ಯಾರೆ, ಫಕೀರಪ್ಪ.’

‘ಬ್ಯಾರೇನ ಖರೆ. ಹೊಟ್ಟಿ ಅಂತೂ ಎರಡಕ್ಕೂ ಐತಲ್ರಿ?’

ನಾನು ನಕ್ಕೆ. ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ತಮಾಷೆಯ ಮಾತು ಎಂದು ಬರೆದುಕೊಂಡೆ.

ಜುಲೈ ೩೦ಕ್ಕೆ ಐವತ್ತು ಮರಿಗೆ ಆರು ಗ್ರಾಂ. ವಾರಕ್ಕೆ ಎರಡು ಪಟ್ಟು, ಹಾಗೇ ಆಗಬೇಕು. ಆಗಸ್ಟ್ ೬ಕ್ಕೆ ಹನ್ನೆರಡು ಇರಬೇಕಾದಲ್ಲಿ ಏಳೂವರೆ. ಆಗಸ್ಟ್ ೧೩ಕ್ಕೆ ಎಂಟು. ೨೦ಕ್ಕೂ ಎಂಟು. ಮರಿಗಳು ಸಾಯುತ್ತಿರಲಿಲ್ಲ. ಸತ್ತಿದ್ದರೆ ಬೇನೆ ಎಂದಾದರೂ ಬರೆಯಬಹುದಿತ್ತು. ತಲೆ ಇದ್ದಷ್ಟೇ ಇತ್ತು, ಬೆನ್ನು ಚೂಪಾಗುತ್ತ ಬಂತು. ಬಾಲದ ರೆಕ್ಕೆಯ ಅಂಚು ಹಳೆಯ ಸೀರೆಯ ಸೆರಗಿನ ಹಾಗೆ ಎಳೆ ಎಳೆಯಾಗಿತ್ತು. ಕೈ ನೀರಿಗೆ ಇಟ್ಟರೆ ಸಾವಿರಾರು ಮರಿ ಬಂದು ಬೆರಳು ಚೀಪುತ್ತಿದ್ದವು.

ನಾನು ಲೆಕ್ಕ ಹಾಕಿದೆ. ದಿನಕ್ಕೆ ಒಂದು ಕಿಲೋ ಆಹಾರ, ಅರ್ಧ ಹಿಂಡಿ, ಅರ್ಧ ತೌಡು. ನಾಲ್ಕು ವಾರಕ್ಕೆ ಇಪ್ಪತ್ತೆಂಟು ಕಿಲೋ. ಮೂವತ್ತು ಸಾವಿರ ಮರಿಗಳ ಮೈಯಲ್ಲಿ ಕೂಡಿದ್ದು ಮೂರೇ ಕಿಲೋ. ಉಳಿದದ್ದು ಎಲ್ಲಿ ಹೋಯಿತು? ತೊಟ್ಟಿಯ ತಳದಲ್ಲಿ ಮಿಕ್ಕಿರಲಿಲ್ಲ. ಸಾಹೇಬರಿಗೆ ಕಳಿಸಿದ ವರದಿಯಲ್ಲಿ ಕೊನೆಗೆ ಒಂದು ವಾಕ್ಯ ಬರೆದೆ: ‘ಉಗ್ರಾಣದಿಂದ ಕೊಟ್ಟ ಆಹಾರವು ಮರಿಗಳಿಗೆ ತಲುಪುತ್ತಿರುವಂತೆ ತೋರುವುದಿಲ್ಲ.’

ಆ ವಾಕ್ಯ ಬರೆಯುವಾಗ ನನ್ನ ಮನಸ್ಸಿನಲ್ಲಿ ಫಕೀರಪ್ಪ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಹಾಗೆ ಹೇಳಲಾರೆ. ಕೊಟ್ಟವನು ನಾನು, ಹಾಕುವವನು ಅವನು. ಮೂರನೆಯವನು ಅಲ್ಲಿರಲೇ ಇಲ್ಲ.

ಆಗಸ್ಟ್ ೨೩, ಗುರುವಾರ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ. ಜಾಣರು, ಅವಸರದವರು. ತೇರಗಾಂವದ ಮೇಲೆಯೇ ಬಂದಿದ್ದರು. ಜೀಪಿನಿಂದ ಇಳಿಯುತ್ತಲೇ ಕೇಳಿದರು:

‘ತಮ್ಮಾ, ಊರಾಗ ಆ ದೊಡ್ಡ ಗೂಟಕ್ಕ ಕಟ್ಟಿದ ಎಮ್ಮಿ ಯಾರದು? ಮೈ ಎಣ್ಣಿ ಹಚ್ಚಿದಂಗ ಮಿಂಚತೈತಲ್ಲ.’

‘ನನ್ನದ್ರಿ,’ ಎಂದ ಫಕೀರಪ್ಪ, ಸ್ವಲ್ಪ ಹೆಮ್ಮೆಯಿಂದಲೇ. ‘ಹೋದ ತಿಂಗಳ ಈದೈತ್ರಿ.’

ಸಾಹೇಬರು ನನ್ನ ಕಡೆ ನೋಡಿದರು. ಆಮೇಲೆ ತೊಟ್ಟಿಗಳನ್ನು ನೋಡಿದರು, ನನ್ನ ಕಾಲಂಗಳನ್ನು ನೋಡಿದರು. ಬೆರಳಿಟ್ಟು ಕೂಡಿ ಕಳೆದು ನೋಡಿದರು. ಲೆಕ್ಕ ಸರಿಯಿತ್ತು. ‘ಭಾಳ ಚೊಲೊ ಇಟ್ಟೀ,’ ಎಂದರು. ಪುಟ ತಿರುವುತ್ತ ಹೋಗಿ ಜುಲೈ ೨೫ರ ಹತ್ತಿರ ನಿಂತರು. ಅಲ್ಲಿ ನಾನು ಬರೆದಿದ್ದ ತಮಾಷೆಯ ಮಾತಿತ್ತು.

‘ಸುಟ್ಟ ಹಿಂಡಿ ತಿಂದ್ರ ಎಮ್ಮಿ ಹಾಲ ಇಳಸ್ತೈತಿ ಅಂತ ಹೇಳಿದಾಂವ ನೀನ ಏನು?’

‘ಹೌದ್ರಿ ಸಾಹೇಬ್ರ.’

‘ಹಿಂಡಿ ಸುಡೂದು ಈ ಕೇಂದ್ರದಾಗ ಅಷ್ಟ. ಹಂಗಾದ್ರ ನಿನ್ನ ಎಮ್ಮಿ ಸುಟ್ಟ ಹಿಂಡಿ ಎಲ್ಲಿ ತಿಂತು?’

ಫಕೀರಪ್ಪನಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಅವನ ದೊಡ್ಡ ಧ್ವನಿ ಸಣ್ಣದಾಯಿತು.

‘ಅದು ಹಳೀ ಮಾತ್ರಿ. ನಾಕ ವರ್ಷ ಆತು. ಎಣ್ಣಿ ಗಿರಣ್ಯಾಗ ಒಂದ ಘಾಣಿ ಸುಟ್ಟ ಹೋಗಿತ್ತು. ಸೋವಿಯೊಳಗ ಕೊಡತೇನಿ ಒಯ್ಯಿ ಅಂದ. ತಂದೆ, ಹಾಕಿದೆ. ಎಮ್ಮಿ ತಿಂತಿತ್ತು, ಹಾಲ ಕೊಡಲಿಲ್ಲ. ಅದಕ್ಕ ಅಂದೆ.’

‘ಗಿರಣಿಯವ ಯಾವಾಂವ?’

‘ಅಂವಾ ಗಿರಣಿ ಮಾರಿ ಹುಬ್ಬಳ್ಳಿಗೆ ಹೋದಾನ್ರಿ.’

‘ಅನುಕೂಲ ಆತು.’

ಫಕೀರಪ್ಪ ನನ್ನ ಕಡೆ ತಿರುಗಿದ. ‘ಸಣ್ಣ ಸಾಹೇಬ್ರ, ನೀವ ಬರದೀರಿ. ನೀವ ಓದಿ ಹೇಳ್ರಿ. ಅದರಾಗ ನಾ ಕದ್ದೇನಿ ಅಂತ ಐತೇನು?’

‘ಇಲ್ಲ,’ ಎಂದೆ.

‘ಮತ್ತ ಏನೈತಿ?’

ನಾನು ಲೆಕ್ಕದ ಕಾಲಂ ತೋರಿಸಿದೆ. ಲೆಕ್ಕ ಏನು ಹೇಳುತ್ತಿತ್ತೋ ಅದನ್ನು ನಾನು ಬದಲಿಸಲಾರೆ ಎಂಬುದು ಆಗ ನನ್ನ ನಂಬಿಕೆ. ಅದನ್ನು ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಮರುದಿನದಿಂದ ಅವನು ಕೆಲಸಕ್ಕೆ ಬರುವುದು ಬೇಡವೆಂದು ಸಾಹೇಬರು ಹೇಳಿ ಹೋದರು. ಫಕೀರಪ್ಪ ಹುರಿಯುವ ಸಟ್ಟುಗವನ್ನು ತೊಳೆದು ಕಡಾಯಿಯ ಮೇಲೆ ಅಡ್ಡ ಇಟ್ಟು ನಡೆದುಹೋದ.

ಆಗಸ್ಟ್ ೨೪ರಿಂದ ನಾನೇ ಆಹಾರ ಹಾಕತೊಡಗಿದೆ. ಬೆಳಗಾಗುವ ಮೊದಲೇ ಹಳಿಯಾಳ ಬಿಟ್ಟು ಬರುತ್ತಿದ್ದೆ. ನಾನೇ ತೂಗುತ್ತಿದ್ದೆ, ನಾನೇ ಹುರಿಯುತ್ತಿದ್ದೆ, ನಾನೇ ಚೆಲ್ಲುತ್ತಿದ್ದೆ. ಒಂದು ಕಾಳೂ ಆಚೆ ಹೋಗದಂತೆ ತಟ್ಟೆಯಲ್ಲಿ ಇಟ್ಟು ನೀರಿಗೆ ಇಳಿಸಿ ನೋಡುತ್ತಿದ್ದೆ. ಮರಿಗಳು ತಟ್ಟೆ ಖಾಲಿ ಮಾಡುತ್ತಿದ್ದವು.

ಆಗಸ್ಟ್ ೨೭. ಎಂಟು ಗ್ರಾಂ.

ಸೆಪ್ಟೆಂಬರ್ ೩. ಎಂಟು ಗ್ರಾಂ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಹೀಗಿದೆ: ‘ಹತ್ತು ದಿನ ನಾನೇ ಹಾಕಿದ್ದೇನೆ. ಎಲ್ಲವನ್ನೂ ತಿಂದಿವೆ. ಬೆಳೆದಿಲ್ಲ. ಆದ್ದರಿಂದ ಫಕೀರಪ್ಪ ಹಿಂಡಿ ಕದ್ದಿಲ್ಲ. ಕಾರಣ ಬೇರೆ ಇದೆ. ಇನ್ನೆರಡು ವಾರದ ತೂಕ ನೋಡಿ ಸಾಹೇಬರಿಗೆ ತಿಳಿಸಬೇಕು.’

ಈ ಕೆಲಸಕ್ಕೆ ಬರುವವರು ಆ ಕೊನೆಯ ವಾಕ್ಯವನ್ನು ಎರಡು ಸಲ ಓದಬೇಕೆಂದು ನನ್ನ ಆಸೆ. ಮರಿಯ ವಿಷಯದಲ್ಲಿ ಅದು ಸರಿಯಾದ ವಾಕ್ಯ. ಒಂದು ವಾರದ ತೂಕ ನಂಬಬಾರದು, ಮೂರು ವಾರ ಬೇಕು. ಆದರೆ ಅಲ್ಲಿ ಕಾಯುತ್ತಿದ್ದದ್ದು ಮರಿ ಮಾತ್ರವಲ್ಲ. ಅವನನ್ನು ತೆಗೆಯಲು ಸಾಹೇಬರಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅವನು ಕಳ್ಳನಲ್ಲ ಎನ್ನಲು ನನಗೆ ಇನ್ನೂ ಎರಡು ವಾರದ ಪುರಾವೆ ಬೇಕಾಗಿತ್ತು. ತೇರಗಾಂವ ಕೇಂದ್ರದಿಂದ ಸೈಕಲ್ ಮೇಲೆ ಇಪ್ಪತ್ತು ನಿಮಿಷ. ಹೋಗಿ ಅವನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೋಗಲಿಲ್ಲ. ಕಾರಣ ಗೊತ್ತಿಲ್ಲದೆ ಹೋಗಿ ಏನು ಹೇಳುವುದು ಎಂದುಕೊಂಡೆ.

ಆ ನಡುವೆ ಅವನು ಎಮ್ಮೆಯನ್ನು ಹಳಿಯಾಳದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದನೆಂದು ಕೇಳಿದೆ. ಎಮ್ಮೆ ಇಲ್ಲದಿದ್ದರೆ ಹಿಂಡಿ ಕದ್ದು ಏನು ಮಾಡಲಿ ಎಂದು ಜನಕ್ಕೆ ತೋರಿಸಬೇಕಾಗಿತ್ತಂತೆ. ಸಂತೆಯಲ್ಲಿ ಯಾರೋ ಎಮ್ಮೆಯ ಮೈ ಸವರಿ, ‘ಸರ್ಕಾರಿ ಹಿಂಡಿ ಅಂದ್ರ ಸರ್ಕಾರಿ ಹಿಂಡೀನಪಾ’ ಎಂದರಂತೆ.

ಸೆಪ್ಟೆಂಬರ್ ೧೮ಕ್ಕೆ ಸಾಹೇಬರಿಗೆ ಪತ್ರ ಬರೆದೆ. ಉತ್ತರದಲ್ಲಿ ತೊಟ್ಟಿಯ ನೀರಿನ ಬಗ್ಗೆ ಎರಡು ಸಲಹೆಗಳಿದ್ದವು, ಫಕೀರಪ್ಪನ ಬಗ್ಗೆ ಏನೂ ಇರಲಿಲ್ಲ. ಆಗ ತೇರಗಾಂವಕ್ಕೆ ಹೋದೆ. ಮನೆಗೆ ಬೀಗವಿತ್ತು. ನಾನು ಪತ್ರ ಬರೆಯುವುದಕ್ಕೆ ನಾಲ್ಕು ದಿನ ಮೊದಲೇ, ಶುಕ್ರವಾರ, ಹೆಂಡತಿಯನ್ನು ತವರಿಗೆ ಕಳಿಸಿ ಅವನು ದಾಂಡೇಲಿಯ ಕಡೆ ಬಿದಿರು ಕಡಿಯುವ ಗುತ್ತಿಗೆದಾರನೊಬ್ಬನ ಜೊತೆ ಕಾಡಿಗೆ ಹೋಗಿದ್ದಾನೆ ಎಂದು ಪಕ್ಕದ ಮನೆಯವರು ಹೇಳಿದರು.

ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆಯಿತು, ಹೊಸ ಹಿಂಡಿ ಒಣಗಿದ್ದೇ ಬಂತು. ಹುರಿಯುವುದನ್ನು ನಿಲ್ಲಿಸಿದೆ. ಮೂರು ವಾರದಲ್ಲಿ ಮರಿಗಳ ತೂಕ ಇಮ್ಮಡಿಯಾಯಿತು, ಬಾಲದ ಅಂಚು ಕೂಡಿತು. ದಿನಚರಿಯಲ್ಲಿ ಇದೆಲ್ಲ ಇದೆ. ಕಾರಣದ ಕಾಲಂನಲ್ಲಿ ಬರೆದಿದ್ದೇನೆ: ‘ಬಿಸಿಲು.’

ನಾಲ್ಕು ವರ್ಷದ ಮೇಲೆ ನನ್ನನ್ನು ಮುಂಡಗೋಡಕ್ಕೆ ಹಾಕಿದರು. ಆಗ ಅಲ್ಲಿ ಟಿಬೆಟಿನಿಂದ ಬಂದವರಿಗಾಗಿ ಕಾಡು ಕಡಿದು ಕಾಲೊನಿ ಕಟ್ಟುತ್ತಿದ್ದರು, ಸುತ್ತಲೂ ಗೋವಿನಜೋಳದ ಹೊಲಗಳು ಏಳುತ್ತಿದ್ದವು. ಒಂದು ಸಲ ಹಿಂಡಿ ಸಿಗದೆ ಬರಿಯ ಗೋವಿನಜೋಳದ ಹಿಟ್ಟು ಹಾಕಿದೆವು. ಮರಿಗಳು ಹೊಟ್ಟೆ ತುಂಬ ತಿಂದವು, ಹೊಟ್ಟೆ ಮಾತ್ರ ದುಂಡಗಾಯಿತು, ಉದ್ದ ಬೆಳೆಯಲಿಲ್ಲ. ಮತ್ತೆ ಅದೇ ಚೂಪು ಬೆನ್ನು. ಆ ದಿನ ನಾನು ಹಳೆಯ ದಿನಚರಿ ಹುಡುಕಿ ತೆಗೆದೆ. ತಿನ್ನುವುದು ಬೇರೆ, ಬೆಳೆಯುವುದು ಬೇರೆ ಎಂಬುದು ನನಗೆ ಹೊಳೆದದ್ದು ಆಗ.

ಮುಂದಿನ ವರ್ಷ ಕರಾವಳಿಯ ಒಂದು ಊರಿನಲ್ಲಿ ಆರು ವಾರದ ತರಬೇತಿ ಇತ್ತು. ಕೇಳಿಕೊಂಡು ಹೋದೆ. ಅಲ್ಲಿ ಆಹಾರದ ಪಾಠ ಹೇಳಿದವರು ಮೃದು ಮಾತಿನ ವಯಸ್ಸಾದ ಅಧ್ಯಾಪಕರು. ಪ್ರೋಟೀನು ಒಂದೇ ವಸ್ತುವಲ್ಲ, ಅದು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿಂದ ಕಟ್ಟಿದ್ದು, ಅವುಗಳಲ್ಲಿ ಹತ್ತನ್ನು ಮೀನು ತಾನಾಗಿ ಮಾಡಿಕೊಳ್ಳಲಾರದು, ಆಹಾರದಿಂದಲೇ ಬರಬೇಕು ಎಂದರು. ಚಕ್ಕಡಿಯ ಲೆಕ್ಕ ಕೊಟ್ಟರು. ಹತ್ತು ಅಚ್ಚು, ಹತ್ತು ನೊಗ ಇದ್ದು ಗಾಲಿ ನಾಲ್ಕೇ ಇದ್ದರೆ ಬಡಿಗ ಎರಡೇ ಚಕ್ಕಡಿ ಕಟ್ಟುತ್ತಾನೆ, ಉಳಿದ ಮರ ಒಲೆಗೆ ಹೋಗುತ್ತದೆ. ಮರಿಯ ಮೈಯೂ ಹಾಗೆ. ಶೇಂಗಾದಲ್ಲಿ ಲೈಸಿನ್ ಎಂಬ ಗಾಲಿ ಮೊದಲೇ ಕಡಿಮೆ. ಹುರಿದಾಗ ಅದು ಸಕ್ಕರೆಯ ಅಂಶದೊಡನೆ ಅಂಟಿಕೊಂಡು ಮರಿಯ ಹೊಟ್ಟೆಗೆ ಬಿಡಿಸಲಾಗದಂತೆ ಆಗುತ್ತದೆ. ಆಗ ಬರುವ ಕಂದು ಬಣ್ಣ, ಒಳ್ಳೆಯ ಘಮ, ಅದೇ ಅದರ ಗುರುತು.

ನಾನು ಎದ್ದು ನಿಂತು ಕೇಳಿದೆ: ‘ಬಾಲದ ಅಂಚು ಹರಿಯುತ್ತದೆಯೇ ಸರ್?’

ಅವರು ನನ್ನನ್ನು ನೋಡಿದರು. ‘ಹರಿಯಬಹುದು. ನೀವು ಎಲ್ಲಿ ನೋಡಿದಿರಿ?’

ಹಳಿಯಾಳದಲ್ಲಿ ಎಂದೆ. ಪಾಠ ಮುಗಿದ ಮೇಲೆ ದಿನಚರಿಯನ್ನು ಅವರಿಗೆ ತೋರಿಸಿದೆ. ಅವರು ಎಲ್ಲ ಸೋಮವಾರಗಳನ್ನೂ ಓದಿ, ‘ಬಹಳ ಒಳ್ಳೆಯ ದಾಖಲೆ, ಎಲ್ಲವೂ ಇದರಲ್ಲೇ ಇದೆ,’ ಎಂದರು. ಈ ಕೆಲಸದಲ್ಲಿ ನನ್ನ ದಾಖಲೆಯನ್ನು ಹೊಗಳಿದವರಲ್ಲಿ ಅವರು ಎರಡನೆಯವರು.

ರಜೆ ಹಾಕಿ ತೇರಗಾಂವಕ್ಕೆ ಹೋದೆ. ಈ ಸಲ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಫಕೀರಪ್ಪನ ಹೆಂಡತಿ ಶಿವವ್ವ. ನನ್ನನ್ನು ಅವಳು ಹಿಂದೆ ನೋಡಿರಲಿಲ್ಲ. ಹೆಸರು ಹೇಳಿದೆ, ಕೇಂದ್ರದ ಹೆಸರು ಹೇಳಿದೆ.

‘ಸಣ್ಣ ಸಾಹೇಬ್ರೇನು?’ ಎಂದಳು. ‘ಕೂಡ್ರಿ.’

‘ಫಕೀರಪ್ಪ?’

‘ಅವರು ಹೋಗಿ ಮೂರ ವರ್ಷ ಆತು. ಜೋಯಿಡಾದ ಕಡೆ ಅಡವ್ಯಾಗ ಚಳಿಜ್ವರ ಬಂತು. ದಾಂಡೇಲಿ ದವಾಖಾನಿಗೆ ತರೂತನ ಇದ್ರಂತ. ನನಗ ಹೇಳಿ ಕಳಿಸಿದ್ರು, ನಾ ಮುಟ್ಟೂದ್ರಾಗ ಮುಗದಿತ್ತು.’

ಜಗುಲಿಯ ಮೇಲೆ ಕುಳಿತೆ. ಆಮೇಲೆ ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಹಿಂಡಿ ಸುಟ್ಟದ್ದರಿಂದ ಮರಿ ಬೆಳೆಯಲಿಲ್ಲ, ಸುಡಲು ಹೇಳಿದವನು ನಾನು, ಅವನು ಬೇಡವೆಂದು ಮೊದಲೇ ಹೇಳಿದ್ದ, ಅವನು ಕದ್ದಿರಲಿಲ್ಲ. ಅವಳು ಮೊರವನ್ನು ಕೆಳಗಿಡಲಿಲ್ಲ.

‘ಕದ್ದಿಲ್ಲ ಅನ್ನೂದು ನನಗ ಗೊತ್ತಿತ್ರಿ. ಮನಿ ಎಮ್ಮಿಗೆ ಹಿಂಡಿ ನಾನ ಇಡ್ತಿದ್ದೆ. ನನ್ನ ಕೈಯಾಗಿನ ಹಿಂಡಿ ಎಲ್ಲಿಂದ ಬಂತು ಅಂತ ನನಗ ಗೊತ್ತಿರಾಕಿಲ್ಲೇನು?’ ಎಂದಳು. ‘ನಿಮಗ ಯಾವಾಗ ಗೊತ್ತಾತು?’

ಸುಳ್ಳು ಹೇಳಬಹುದಿತ್ತು. ಹೋದ ತಿಂಗಳು ತರಬೇತಿಯಲ್ಲಿ ಎಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ತಾರೀಖು ನನ್ನ ಬಾಯಿಯಲ್ಲಿತ್ತು.

‘ಯಾಕ ಬೆಳೀಲಿಲ್ಲ ಅನ್ನೂದು ಈಗ ಗೊತ್ತಾತು,’ ಎಂದೆ. ‘ಅವ ಕದ್ದಿಲ್ಲ ಅನ್ನೂದು ಆ ವರ್ಷದ ಸೆಪ್ಟೆಂಬರ್ ಮೂರಕ್ಕ, ಸೋಮವಾರ ಗೊತ್ತಾಗಿತ್ತು.’

ಅವಳ ಕೈ ನಿಂತಿತು. ತುಟಿ ಅಲುಗಾಡಿತು. ಮನಸ್ಸಿನಲ್ಲೇ ಎಣಿಸುತ್ತಿದ್ದಳು.

‘ಎಮ್ಮಿ ಮಾರೂಕಿಂತ ಮೊದಲೇನ್ರಿ ಅದು?’

‘ಮೊದಲ.’

‘ಅಡವಿಗೆ ಹೋಗೂಕಿಂತ ಮೊದಲು?’

‘ಹನ್ನೊಂದ ದಿನ ಮೊದಲು.’

‘ಆ ಹನ್ನೊಂದು ದಿನಾನೂ ಇಲ್ಲೇ ಇದ್ರು,’ ಎಂದಳು, ನಾನು ಕುಳಿತ ಜಗುಲಿಯನ್ನು ತೋರಿಸಿ. ‘ನೀವ ಬರ್ತೀರಿ ಅಂತ. ಲೆಕ್ಕದ ಮನಷ್ಯಾ, ತಪ್ಪು ಕಂಡ್ರ ಸುಮ್ಮ್ನ ಕೂಡಂಗಿಲ್ಲ, ಬಂದ ಬರ್ತಾನ ಅಂತಿದ್ರು. ಎಮ್ಮಿ ಮಾರಿದ ದಿನಾ ಸೈತ ಅಂದ್ರು.’

ನಾನು ಕ್ಷಮೆ ಕೇಳಿದೆ. ಅವಳು ಜೋಳದಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದು, ಓಣಿಯ ತುದಿಯಲ್ಲಿ ಕಾಣುತ್ತಿದ್ದ ಕಟ್ಟೆಯ ಕಡೆ ಕೈ ತೋರಿಸಿದಳು. ಅಲ್ಲಿ ನಾಲ್ಕೈದು ಮಂದಿ ಹಿರಿಯರು ಕುಳಿತಿದ್ದರು.

‘ನನಗ ಹೇಳಿ ಏನ್ ಮಾಡ್ತೀರಿ? ಅಲ್ಲಿ ಹೋಗಿ ಹೇಳ್ರಿ. ಗಟ್ಟಿಯಾಗಿ ಹೇಳ್ರಿ.’

ಹೋದೆ. ಪಾಠ ಒಪ್ಪಿಸುವ ಹುಡುಗನಂತೆ ನಿಂತು ಗಟ್ಟಿಯಾಗಿ ಹೇಳಿದೆ. ಲೈಸಿನ್ ಎನ್ನಲಿಲ್ಲ. ಹಿಂಡಿ ಸುಟ್ಟರೆ ಅದರ ಕಸುವು ಹೋಗುತ್ತದೆ, ಸುಡಿಸಿದ್ದು ನಾನು, ಮರಿ ಬೆಳೆಯದ್ದಕ್ಕೆ ಕಾರಣ ನಾನು, ಫಕೀರಪ್ಪ ಕದ್ದವನಲ್ಲ, ಎಂದೆ. ಒಬ್ಬ ಹಿರಿಯ ಕಿವಿಗೆ ಕೈಯಿಟ್ಟು ಕೇಳಿದ.

‘ಯಾವ ಫಕೀರಪ್ಪ? ನಮ್ಮೂರಾಗ ಆರ ಮಂದಿ ಫಕೀರಪ್ಪ ಅದಾರ.’

‘ಮೀನ ಕೇಂದ್ರದಾಗ ಇದ್ದಾಂವ.’

‘ಹಾಂ, ಹಿಂಡಿ ಫಕೀರಪ್ಪ!’ ಎಂದ. ಪಕ್ಕದವನಿಗೆ ತಿಳಿಸಿ ಹೇಳಿದ: ‘ಹಿಂಡಿ ಫಕೀರಪ್ಪ ಹಿಂಡಿ ಕದ್ದಿರಲಿಲ್ಲಂತೋ. ಈ ಸಾಹೇಬ್ರು ಹೇಳಾಕ ಹತ್ಯಾರ.’

‘ಹೌದೇನು?’ ಎಂದ ಇನ್ನೊಬ್ಬ. ‘ಪಾಪ. ಚೊಲೊ ಮನಷ್ಯಾ ಇದ್ದ ಬಿಡ್ರಿ ಹಿಂಡಿ ಫಕೀರಪ್ಪ.’

ಆ ಹೆಸರಿನಿಂದ ಕರೆಯಬೇಡಿ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖದಲ್ಲಿ ಕುಹಕವಿರಲಿಲ್ಲ. ಬೇರೆ ಐವರಿಂದ ಅವನನ್ನು ಗುರುತಿಸಲು ಅವರಿಗೆ ಇನ್ನೊಂದು ಹೆಸರೂ ಇರಲಿಲ್ಲ. ಸಾಹೇಬರು ದೂರದಿಂದ ಬಂದಿದ್ದಾರೆ, ಚಹಾ ತರಿಸಿರಿ ಎಂದು ಒಬ್ಬರು ಹುಡುಗನೊಬ್ಬನನ್ನು ಕೂಗಿದರು. ಬೇಡವೆಂದು ಕೈಮುಗಿದು ತಿರುಗಿ ಬಂದೆ.

ಶಿವವ್ವ ಅಲ್ಲೇ ಕುಳಿತಿದ್ದಳು. ಹಸನಾದ ಜೋಳ ಒಂದು ಕಡೆ ರಾಶಿಯಾಗಿತ್ತು. ಕಟ್ಟೆಯ ಮಾತು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು, ಆ ಹೆಸರೂ. ನಾನು ಜಗುಲಿಯ ಮುಂದೆ ನಿಂತೆ.

‘ಕೇಳಿಸ್ತ್ರಿ,’ ಎಂದಳು. ಮೊರಕ್ಕೆ ಇನ್ನೊಂದು ಬೊಗಸೆ ಜೋಳ ಸುರಿದುಕೊಂಡಳು. ‘ಹಳಿಯಾಳದ ಬಸ್ಸಿನ ಹೊತ್ತಾತು. ನಡೀರಿ.’